ಕಲ್ಲಾದ ಕೆರೆ

ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಹೋಗುವ ಮಾರ್ಗವನ್ನು ಬಿಟ್ಟು ಎರಡು ಮೈಲಿ ಒಳಕ್ಕೆ ನಡೆದರೆ ನಮ್ಮ ಹುಟ್ಟೂರು ಸಿಕ್ಕುವುದು. ಊರಿಗಿಂತ ಕೆರೆಯೇ ದೊಡ್ಡದು. ನಮ್ಮ ತಾತನವರು ಆ ಕೆರೆಯ ನೀರುಗಂಟಿಯಾಗಿದ್ದರು. ತೂಬನ್ನು ಎತ್ತುವವರೂ ಅವರೇ, ಇಳಿಸುವವರೂ ಅವರೇ. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದು ಅವರ ಬಾಯಲ್ಲಿತ್ತೇ ಹೊರತು ಯಾವ ಕಡತದಲ್ಲಿಯೂ ಇರಲಿಲ್ಲ. ಬೇಸಗೆಯಲ್ಲಿ ನೀರು ಹಿಂದಕ್ಕೆ ಸರಿದು ಕೆರೆಯಂಗಳ ಬಯಲಾದಾಗ ನಾವು ಹುಡುಗರೆಲ್ಲ ಅಲ್ಲಿಗೆ ನುಗ್ಗುವುದು ವಾಡಿಕೆ. ಚಿನ್ನಿದಾಂಡು, ಲಗ್ಗೆ ಮೊದಲಾದುವು ಎಲ್ಲ ಊರುಗಳಲ್ಲಿಯೂ ಇರತಕ್ಕವೇ. ನಮ್ಮಲ್ಲಿ ಇನ್ನೊಂದು ಆಟವಿತ್ತು. ಕೊಡಗು ನಮ್ಮ ತಾಲ್ಲೂಕಿಗೆ ಪಕ್ಕದ ಮನೆಯಷ್ಟೆ. ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ ಊರವರೊಬ್ಬರು ಅಲ್ಲಿಂದ ಮುರಿದ ಹಾಕಿ ಕೋಲೊಂದನ್ನು ತಂದಿದ್ದರು. ಅದನ್ನು ನೋಡಿ ನಾವು ಹುಣಿಸೆಯ ಬಾಗುಕೊಂಬೆಗಳನ್ನು ಕಡಿದುಕೊಂಡು, ಚಿಂದಿಯ ಚೆಂಡನ್ನು ಕಟ್ಟಿಕೊಂಡು ಹಾಕಿಯಾಟವನ್ನು ಹೂಡಿದೆವು.

ತಾತನವರು ನಮ್ಮ ಆಟಕ್ಕೆ ಅಡ್ಡ ಬಂದವರಲ್ಲ. ಆದರೆ ಪ್ರತಿ ವರ್ಷವೂ ಮೊದಲು ಅವರೇ ಅಂಗಳಕ್ಕೆ ಇಳಿದು, ಕೈಯಲ್ಲಿದ್ದ ಕೋಲನ್ನು ಅಲ್ಲಲ್ಲಿ ಊರಿ ನೋಡುವರು. ಬಿಸಿಲಿಗೆ ಬಿರಿದು ಮೇಲೆ ಕಲ್ಲಿನಂತೆ ಕಾಣುವ ಹೂಳಿನ ಕೆಳಗೆ ಮೆತ್ತನೆಯ ಕೆಸರು ಅಡಗಿರುವುದು. ಕೋಲು ಒಂದು ಗೇಣು ಇಳಿದರೆ ಆ ದಿವಸ ಆಟವಿಲ್ಲ. ಅಳುವುದಾಗಲಿ, ಅಜ್ಜಿಯಿಂದ ಹೇಳಿಸುವುದಾಗಲಿ ಅವರಲ್ಲಿ ಸಾಗುತ್ತಿರಲಿಲ್ಲ. ಅವರ ಮಾತನ್ನು ಮೀರಿ ಮೇಯಲು ಬಿಟ್ಟ ಎಮ್ಮೆಯೊಂದನ್ನು ಒಮ್ಮೆ ಮೇಲಕ್ಕೆತ್ತಲು ಊರಿನ ಹಗ್ಗಗಳೆಲ್ಲ ಬೇಕಾಗಿದ್ದುವು.

ಈ ಹಳೆಯ ಸಂಗತಿಯನ್ನು ನಾವು ಮರೆತೇ ಬಿಟ್ಟಿದ್ದೆವು. ಹೋದ ಮಾಗಿಯಲ್ಲಿ ಇಲ್ಲಿಗೆ ಸಾವಿರಾರು ಮೈಲಿ ದೂರದಲ್ಲಿ, ಕಲ್ಲಾಗಿ ನಿಂತಿದ್ದ ಇನ್ನೊಂದು ಕೆರೆಯ ಮೇಲೆ, ಕೈಯಲ್ಲಿ ಕೋಲು ಹಿಡಿದ ಇನ್ನೊಬ್ಬ ಮುದುಕರನ್ನು ಕಂಡಾಗ ಅದು ನೆನಪಿಗೆ ಬಂದಿತು.

ನಮ್ಮನ್ನು ಅಲ್ಲಿಗೆ ಎಳೆದೊಯ್ದವಳು ನಮ್ಮ ಮಗಳು. ಹಾಸನದಲ್ಲಿ ಓದುವ ಅವಳು ಕಾಲೇಜಿನ ಪರವಾಗಿ ಹಾಕಿಯಾಡತಕ್ಕವಳು. 2025ರ ಜೂನ್ ತಿಂಗಳಲ್ಲಿ ಅರಬ್ ಸಂಸ್ಥಾನಗಳ ಅಲ್ ಐನ್ ಪಟ್ಟಣದಲ್ಲಿ ನಡೆದ ಏಷ್ಯಾ ಕಪ್ ಪಂದ್ಯಗಳಲ್ಲಿ ಭಾರತದ ಹೆಣ್ಣುಮಕ್ಕಳು ಐಸ್ ಹಾಕಿಯಲ್ಲಿ ಕಂಚಿನ ಪದಕವನ್ನು ಗೆದ್ದರೆಂದೂ, ಅವರಲ್ಲಿ ಬಹುಮಂದಿ ಲಡಾಖಿನ ಹಳ್ಳಿಗಳವರೆಂದೂ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಟವನ್ನು ಕಲಿತವರೆಂದೂ ಓದಿದ್ದೇ ತಡ, “ಅಪ್ಪ, ಆ ಕೊಳವನ್ನು ನೋಡಲೇಬೇಕು” ಎಂದು ಹಠ ಹಿಡಿದಳು. ಖರ್ಚೆಷ್ಟಾದೀತೆಂದು ಅವಳ ತಾಯಿ ಕೇಳಿದರು. ಚಳಿ ಎಷ್ಟಿದ್ದೀತೆಂದು ನಾವು ಕೇಳಿದೆವು. ಓದು ಮುಗಿಯಲು ಒಂದೇ ವರ್ಷ ಉಳಿದಿತ್ತು. ಅದರ ಮೇಲೆ ಕೆಲಸವೋ ಮದುವೆಯೋ, ಯಾವುದು ಮೊದಲು ಬಂದು ಬಾಗಿಲು ತಟ್ಟೀತೋ ಬಲ್ಲವರಾರು? ಹೀಗೆ ಮಗಳು ನಮ್ಮವಳಾಗಿರುವ ಕೊನೆಯ ಮಾಗಿ ಇದೇ ಇರಬಹುದೆಂಬ ಒಂದು ಮಾತಿನಿಂದ ಅವಳ ತಾಯಿಯೇ ಒಪ್ಪಿ, ಮರುದಿನದಿಂದ ಕೋಡುಬಳೆ ಚಕ್ಕುಲಿಗಳಿಗೆ ಹಿಟ್ಟು ಮಾಡಿಸತೊಡಗಿದರು.

ದಾರಿಯ ವಿಚಾರವಾಗಿ ಹೆಚ್ಚು ಹೇಳತಕ್ಕದ್ದಿಲ್ಲ. ಹಾಸನದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ದೆಹಲಿಗೆ ವಿಮಾನ, ದೆಹಲಿಯಿಂದ ಬೆಳಗಿನ ಜಾವದ ಇನ್ನೊಂದು ವಿಮಾನ. ಹಾಸನ ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆಯೆಂದು ನಾವು ಚಿಕ್ಕಂದಿನಿಂದ ಹೆಮ್ಮೆಪಡುತ್ತ ಬಂದವರು. ಲೇಹ್ ಪಟ್ಟಣ ಇರುವುದು ಸುಮಾರು 11,500 ಅಡಿಯ ಮೇಲೆ. ಇಳಿದ ಎರಡು ದಿವಸ ಮಂಚವನ್ನು ಬಿಟ್ಟು ಏಳಬಾರದೆಂದು ಅಲ್ಲಿಯವರು ಕಟ್ಟಪ್ಪಣೆ ಮಾಡಿದರು. ಗಾಳಿ ತೆಳುವಾದುದರಿಂದ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಇಂದ್ರಗಿರಿಯ ತುದಿಯನ್ನು ಮುಟ್ಟಿದಷ್ಟು ಏದುಸಿರು ಬರುವುದು. ನಲ್ಲಿಗಳೆಲ್ಲ ಹೆಪ್ಪುಗಟ್ಟಿದ್ದುವು. ಬುಖಾರಿಯೆಂಬ ಕಬ್ಬಿಣದ ಒಲೆಯ ಸುತ್ತ ಕುಳಿತು, ಬೆಣ್ಣೆ ಉಪ್ಪು ಹಾಕಿದ ಅಲ್ಲಿಯ ಚಹವನ್ನು ಕುಡಿದೆವು. ಚಹವೆಂದುಕೊಂಡರೆ ಅದು ಗಂಟಲಿನಲ್ಲಿ ಇಳಿಯದು, ಸಾರೆಂದುಕೊಂಡರೆ ಸುಖವಾಗಿ ಇಳಿಯುವುದು. ಇದನ್ನು ಕಂಡುಹಿಡಿದ ಕೀರ್ತಿ ನಮ್ಮ ಮನೆಯವರಿಗೆ ಸಲ್ಲತಕ್ಕದ್ದು.

ಅಲ್ಲಿಯ ಭಾಷೆಯ ಒಂದು ಸೊಗಸನ್ನು ಇಲ್ಲಿಯೇ ಹೇಳಿಬಿಡುವೆವು. ನಮ್ಮಲ್ಲಿ ಒಬ್ಬರನ್ನು ‘ಲೇ’ ಎಂದು ಕೂಗಿದರೆ ಜಗಳಕ್ಕೆ ಮೊದಲು. ಲಡಾಖಿಯಲ್ಲಿ ‘ಲೇ’ ಎಂಬುದು ಗೌರವದ ಮಾತು, ನಮ್ಮ ‘ಅವರೇ’ ಇದ್ದಂತೆ. ತಾಯಿ ‘ಅಮಾ ಲೇ’, ಅಜ್ಜ ‘ಮೇಮೇ ಲೇ’, ನಮಸ್ಕಾರಕ್ಕೆ ‘ಜುಲೇ’. ಮನೆಯ ಪುಟ್ಟ ಹುಡುಗ ಬಂದು ಮೊದಲ ಸಲ ನಮ್ಮನ್ನು ಕೊನೆಯಲ್ಲಿ ‘ಲೇ’ ಸೇರಿಸಿ ಕರೆದಾಗ, ಹಾಸನದ ಬಸ್ ನಿಲ್ದಾಣದಲ್ಲಿ ನಿಂತಂತಾಗಿ ತಟ್ಟನೆ ತಿರುಗಿ ನೋಡಿದೆವು.

ಲೇಹ್‌ನಲ್ಲಿಯೇ ದೊಡ್ಡ ಕೊಳಗಳಿವೆ. ಕರ್ಜೂ ಎಂಬ ಕೊಳದ ಮೇಲೂ ಗುಪುಕ್ ಎಂಬಲ್ಲಿಯ ಕೊಳದ ಮೇಲೂ ಚಳಿಗಾಲದ ಪಂದ್ಯಗಳು ನಡೆಯುವುವು. 2024ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಐಸ್ ಹಾಕಿ ನಡೆದುದು ಈ ಪಟ್ಟಣದಲ್ಲಿಯೇ. ಆದರೆ ಮಗಳಿಗೆ ಬೇಕಾಗಿದ್ದುದು ಪಂದ್ಯವಲ್ಲ, ಆಟ. ನಾವಿಳಿದಿದ್ದ ಮನೆಯವರ ನೆಂಟರು ಇರುವ ಹಳ್ಳಿ ಕೆಲವೇ ಮೈಲಿ ದೂರದಲ್ಲಿತ್ತು. ಮೂರನೆಯ ದಿವಸ ಅಲ್ಲಿಗೆ ಹೊರಟೆವು. ಐದನೆಯ ದಿವಸದ ಬೆಳಗಿನ ವಿಮಾನಕ್ಕೆ ಹಿಂತಿರುಗತಕ್ಕದ್ದು. ಅಂದರೆ ಆಟಕ್ಕೆ ಉಳಿದಿದ್ದುದು ಎರಡು ಹಗಲುಗಳು.

ಆ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ನಾಲ್ಕಂಗುಲದಷ್ಟು. ನಮ್ಮ ಸಕಲೇಶಪುರದಲ್ಲಿ ಆಷಾಢದ ಒಂದು ದಿನಕ್ಕೆ ಅಷ್ಟು ಸುರಿದರೆ ಯಾರೂ ಬೆರಗಾಗರು. ಮೇಲಿನ ಹಿಮನದಿಗಳು ಕರಗಿ ಬರುವ ತೊರೆಯೇ ಬಾರ್ಲಿಗೂ ಗೋಧಿಗೂ ಆಧಾರ. ತೊರೆಯ ನೀರನ್ನು ರಾತ್ರಿಯೆಲ್ಲ ಹಿಡಿದಿಟ್ಟು ಹಗಲು ಬಿಡಲು ಅವರು ಕಟ್ಟಿಕೊಂಡಿರುವ ಪುಟ್ಟ ಕೆರೆಗೆ ‘ಝಿಂಗ್’ ಎಂದು ಹೆಸರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರೆಂಬುದನ್ನು ತೀರ್ಮಾನಿಸಲು ಊರವರು ಒಬ್ಬರನ್ನು ನೇಮಿಸುವರು. ಅವರಿಗೆ ‘ಚುರ್‌ಪೋನ್’ ಎನ್ನುವರು. ‘ಚು’ ಎಂದರೆ ನೀರು, ‘ಪೋನ್’ ಎಂದರೆ ಒಡೆಯ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮೈ ಜುಂ ಎಂದಿತು. ನಮ್ಮ ತಾತನವರನ್ನು ನೀರಿನ ಒಡೆಯರೆಂದು ಕರೆದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಬೇಸಗೆ ಬಂದರೆ ಬೈದವರು ಬಹುಮಂದಿ.

ಆ ಹಳ್ಳಿಯ ಝಿಂಗ್ ನಮ್ಮ ಊರಿನ ಒಂದು ದೊಡ್ಡ ಕಣದಷ್ಟಿತ್ತು. ಸುತ್ತ ಕಲ್ಲಿನ ಏರಿ, ಏರಿಯ ಮೇಲೆ ಎಲೆಯುದುರಿದ ವಿಲ್ಲೋ ಮರಗಳು. ಚಳಿಗಾಲದಲ್ಲಿ ಹೊಲಕ್ಕೆ ನೀರು ಬೇಡವಷ್ಟೆ. ಆದಕಾರಣ ಕೊಳವನ್ನು ತುಂಬಿಸಿ ಹೆಪ್ಪುಗಟ್ಟಲು ಬಿಡುವರು. ಶಾಲೆಗಳಿಗೆ ಚಳಿಗಾಲದ ದೀರ್ಘ ರಜ. ಹತ್ತು ಹದಿನೈದು ಹುಡುಗಿಯರೂ ಅಷ್ಟೇ ಹುಡುಗರೂ ಕಾಲಿಗೆ ಅಲಗು ಕಟ್ಟಿಕೊಂಡು ಅದರ ಮೇಲೆ ಹಾರುತ್ತಿದ್ದರು. ಹಾರುತ್ತಿದ್ದರೆಂದೇ ಹೇಳಬೇಕು, ಓಡುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ನೀರು ಕಲ್ಲಾಗುವ ಬಗೆಯನ್ನು ಶಾಲೆಯಲ್ಲಿ ಓದಿದ್ದೆವು, ಕಣ್ಣಿಂದ ಕಂಡಿರಲಿಲ್ಲ. ಮಿಕ್ಕ ದ್ರವಗಳು ತಣ್ಣಗಾದಷ್ಟೂ ಭಾರವಾಗುತ್ತ ಹೋದರೆ, ನೀರು 4 ಡಿಗ್ರಿಯವರೆಗೆ ಮಾತ್ರ ಭಾರವಾಗಿ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗುವುದು. ಆದುದರಿಂದ ಅತ್ಯಂತ ತಣ್ಣನೆಯ ನೀರು ಮೇಲೆಯೇ ನಿಂತು ಮೊದಲು ಹೆಪ್ಪುಗಟ್ಟುವುದು. ಅಡಿಯ ನೀರು ನೀರಾಗಿಯೇ ಇರುವುದು. ಕಪ್ಪಗೆ ಗಾಜಿನಂತೆ ಕಾಣುವ ಗಡ್ಡೆ ಗಟ್ಟಿ. ಹಿಮ ಬೆರೆತು ಬೆಳ್ಳಗೆ ಕಾಣುವುದಕ್ಕೆ ಅದರ ಅರ್ಧದಷ್ಟೇ ಬಲ. ಕಪ್ಪು ಗಡ್ಡೆ ನಾಲ್ಕಂಗುಲ ದಪ್ಪವಿದ್ದರೆ ಮನುಷ್ಯ ಅದರ ಮೇಲೆ ನಡೆಯಬಹುದೆಂಬುದು ಚಳಿನಾಡುಗಳವರ ಲೆಕ್ಕ.

ಆಟದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಚೆಂಡಿಗೆ ಬದಲು ಮೂರಂಗುಲ ಅಗಲ, ಒಂದಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ; ಅದನ್ನು ‘ಪಕ್’ ಎನ್ನುವರು. ಪಂದ್ಯವಾದರೆ ಗೋಲು ಕಾಯುವವರನ್ನು ಸೇರಿಸಿ ಕಡೆಗೆ ಆರು ಜನ, ಗೋಲಿಗೆ ಬಲೆ, ಮೈಗೆ ಕವಚ. ಕೊಳದ ಆಟಕ್ಕೆ ಇವೊಂದೂ ಬೇಡ. ಎರಡು ಬೂಟುಗಳನ್ನು ಇಟ್ಟರೆ ಗೋಲಾಯಿತು. ಬಂದವರನ್ನೆಲ್ಲ ಎರಡು ಪಾಲು ಮಾಡಿದರೆ ಪಕ್ಷವಾಯಿತು. ಬಿಲ್ಲೆಯನ್ನು ಮೇಲಕ್ಕೆ ಎತ್ತಿ ಹೊಡೆಯಬಾರದು, ಮೈಮೇಲೆ ಬಿದ್ದು ತಳ್ಳಬಾರದು. ಕೆನಡಾದವರು ಇಂಥ ಬಯಲಾಟಕ್ಕೂ ಜಗತ್ತಿನ ಪಂದ್ಯವೊಂದನ್ನು 2002ರಿಂದ ಪ್ಲಾಸ್ಟರ್ ರಾಕ್ ಎಂಬ ಊರಿನ ಸರೋವರದ ಮೇಲೆ ನಡೆಸಿಕೊಂಡು ಬಂದವರು. ಚಾವಣಿಯ ಕೆಳಗೆ ಈ ಆಟವನ್ನು ಕಟ್ಟುನಿಟ್ಟಾಗಿ ಆಡಿದುದು 1875ರ ಮಾರ್ಚ್ 3ರಂದು ಮಾಂಟ್ರಿಯಲ್ ನಗರದಲ್ಲಿ. ಅದಕ್ಕೆ ಮುಂಚೆ ಇದು ಕೆರೆ ಕೊಳಗಳ ಮೇಲಿನ ಹುಡುಗರ ಆಟವೇ. ನಮ್ಮ ದೇಶದಲ್ಲಿ ಶಿಮ್ಲಾದವರು 1920ರಲ್ಲಿಯೇ ಹಿಮದ ಅಂಗಳವನ್ನು ಮಾಡಿದ್ದರು. ಲಡಾಖಿನ ಹಳಬರು ಸೈನ್ಯದವರ ಹಳೆಯ ಬೂಟುಗಳಿಗೆ ಕಬ್ಬಿಣದ ಅಲಗನ್ನು ಬಡಿದುಕೊಂಡು ಕಲಿತರೆಂದು ಆ ಹಳ್ಳಿಯವರು ಹೇಳಿದರು. ಹುಣಿಸೆ ಕೊಂಬೆಯಿಂದ ಕಲಿತ ನಾವು ಅದನ್ನು ನಂಬದಿರಲು ಕಾರಣವಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆ. ಹಿಂದೆ ಹುಡುಗರು ಆಡಿ ದಣಿದು ಬಿಟ್ಟ ಮೇಲೆ, ಗೀರುಬಿದ್ದ ಗಡ್ಡೆ ಇವರ ಪಾಲಿಗೆ ಬರುತ್ತಿತ್ತಂತೆ. ಸಿಂಧೂನದಿಯ ದಡದ ಫೇ ಎಂಬಲ್ಲಿ ಇರುವ ಸೆಕ್ಮೋಲ್ ವಿದ್ಯಾಲಯದ ಹುಡುಗಿಯರು ತಮ್ಮ ಕೊಳದ ಮೇಲೆಯೇ ಆಡಿ ಮುಂದೆ ಬಂದರು. 2016ರಲ್ಲಿ ದೇಶದ ಮಹಿಳಾ ತಂಡ ಸಾರ್ವಜನಿಕರ ದೇಣಿಗೆಯನ್ನೂ ಕೂಡಿಸಿಕೊಂಡು ಮೊದಲ ಸಲ ತೈಪೆಗೆ ಹೋಗಿ ಸೋತು ಬಂದಿತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೈನ್ಸಿನವರನ್ನು 4–3ರಿಂದ ಸೋಲಿಸಿ ಮೊದಲ ಗೆಲುವನ್ನು ಕಂಡಿತು. ಈಗಿನ ಹುಡುಗಿಯರಿಗೆ ಬೆಳಗಿನ ಹೊಸ ಗಡ್ಡೆಯಲ್ಲಿ ಪಾಲುಂಟು. ಅದನ್ನು ಅವರು ಬಿಡುವಂತೆಯೂ ಕಾಣಲಿಲ್ಲ.

ನಮ್ಮ ಮಗಳನ್ನು ಅವರು ಕೂಡಲೇ ಸೇರಿಸಿಕೊಂಡರು. ಬಡಿಗೆ ಹಿಡಿದ ಕೈಯನ್ನು ನೋಡಿದೊಡನೆ ಅವಳು ಆಟ ಬಲ್ಲವಳೆಂದು ತಿಳಿಯಿತಂತೆ. ಆದರೆ ಕೈ ಆಟಗಾರ್ತಿಯದಾದರೂ ಕಾಲು ಹಸುಗೂಸಿನದಾಗಿತ್ತು. ಮುರುಕು ಕುರ್ಚಿಯೊಂದನ್ನು ಮುಂದಿಟ್ಟು ತಳ್ಳಿಕೊಂಡು ನಡೆಯಲು ಕಲಿಸಿದರು. ಬೀಳುವುದು, ಏಳುವುದು, ಮತ್ತೆ ಬೀಳುವುದು. ತಾಯಿ ಏರಿಯ ಮೇಲೆ ನಿಂತು ಎಣಿಸುತ್ತಿದ್ದರು, ಮೂವತ್ತರ ಮೇಲೆ ಬಿಟ್ಟುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಿಲ್ಲದೆ ಕೊಳವನ್ನು ದಾಟಬಲ್ಲವಳಾದಳು. ನಿಲ್ಲಲು ಮಾತ್ರ ಏರಿಯನ್ನು ಹೋಗಿ ಗುದ್ದಬೇಕಾಗಿತ್ತು. ಊಟವಾದ ಮೇಲೆ ಆಟಕ್ಕೆ ಸೇರಿಸಿಕೊಳ್ಳುವೆವೆಂದು ಹುಡುಗಿಯರು ಮಾತು ಕೊಟ್ಟರು.

ಊಟ ಮುಗಿಸಿ ಬರುವಷ್ಟರಲ್ಲಿ ಕೊಳದ ಮಧ್ಯೆ ಮುದುಕರೊಬ್ಬರು ನಿಂತಿದ್ದರು. ಗೋಂಚಾ ಎಂಬ ಉದ್ದನೆಯ ನಿಲುವಂಗಿ, ಕೈಯಲ್ಲಿ ಹಾರೆಯಂಥ ಕಬ್ಬಿಣದ ಕೋಲು. ಹೆಜ್ಜೆ ಹೆಜ್ಜೆಗೂ ಕೋಲನ್ನು ಊರಿ ಸದ್ದನ್ನು ಆಲಿಸುತ್ತಿದ್ದರು. ನಡುವೆ ಟಣ್ ಟಣ್ ಎಂದು ಕಂಚಿನ ಸದ್ದು. ಉತ್ತರದ ಏರಿಗೆ ನೇರವಾಗಿ ಬಿಸಿಲು ಬೀಳುವುದು; ಅಲ್ಲಿಗೆ ಬಂದಾಗ ಸದ್ದು ಮಂಕಾಯಿತು, ಗೀರಿನಲ್ಲಿ ನೀರು ಒಸರಿತು. ಅವರು ಕೈಯೆತ್ತಿ ಅಡ್ಡಡ್ಡ ಆಡಿಸಿದರು. ಆಟವಿಲ್ಲ.

ಮಗಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹುಡುಗಿಯರು ಸುಮ್ಮನೆ ಅಲಗುಗಳನ್ನು ಬಿಚ್ಚತೊಡಗಿದರು, ಒಬ್ಬಳಾದರೂ ವಾದಿಸಲಿಲ್ಲ. ವಾದಿಸಿದವರು ನಾವು. ಅಷ್ಟು ದೂರದಿಂದ ಬಂದವರು, ನಾಳೆಯೊಂದೇ ದಿನ ಉಳಿದಿದೆ, ಆಚೆಯ ಬದಿ ಗಟ್ಟಿಯಾಗಿದೆಯಲ್ಲ, ಅಲ್ಲಿಯೇ ಸ್ವಲ್ಪ ಹೊತ್ತು ಆಡಿಕೊಳ್ಳಲಿ ಎಂದು ಮುರುಕು ಹಿಂದಿಯಲ್ಲಿ ಬಿನ್ನವಿಸಿಕೊಂಡೆವು. ಹಿರಿಯರು ಸಿಟ್ಟಾಗಲಿಲ್ಲ. ಕೆಳಗೆ ಎದೆಮಟ್ಟದ ನೀರಿದೆಯೆಂದು ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು; ಬಿಲ್ಲೆ ಮೆತ್ತನೆಯ ಬದಿಗೆ ಜಾರಿದರೆ ಹುಡುಗಿ ಅದರ ಹಿಂದೆ ಹೋಗಿಯೇ ಹೋಗುವಳು, ಕೋಲು ಹಿಡಿದು ಗೆರೆಯ ಮೇಲೆ ನಿಲ್ಲುವವರಾರು ಎಂದರು. ತಾವು ಹುಡುಗರಾಗಿದ್ದಾಗ ಈ ದಿನಗಳಲ್ಲಿ ನಡುಮಧ್ಯಾಹ್ನವೂ ಆಡುತ್ತಿದ್ದೆವೆಂದೂ, ಈಚೆಗೆ ಬೆಳಗಿನ ಹೊತ್ತನ್ನು ಬಿಟ್ಟರೆ ಬಿಸಿಲನ್ನು ನಂಬುವಂತಿಲ್ಲವೆಂದೂ ಹೇಳಿದರು. ಇದು ಆ ಹಳ್ಳಿಯೊಂದರ ದೂರಲ್ಲ. ಕೆನಡಾದ ಆಟವಾ ನಗರದಲ್ಲಿ ರೀಡೋ ಕಾಲುವೆಯ ಮೇಲೆ ಜನ ಮೈಲಿಗಟ್ಟಲೆ ಜಾರುತ್ತ ಸಾಗುವ ವಾಡಿಕೆಯುಂಟು. 2022–23ರ ಚಳಿಗಾಲದಲ್ಲಿ ಗಡ್ಡೆ ಬಲಿಯದೆ, ಅದರ ಚರಿತ್ರೆಯಲ್ಲಿಯೇ ಮೊದಲ ಸಲ, ಒಂದು ದಿನವೂ ಅದನ್ನು ತೆರೆಯಲಾಗಲಿಲ್ಲ.

ನಮಗೆ ನಾಚಿಕೆಯಾಯಿತು. ನೀರುಗಂಟಿಯ ಮೊಮ್ಮಗನಾಗಿ ಹುಟ್ಟಿ, ಕೋಲೂರಿ ನೋಡಿದವರ ಮಾತಿಗೆ ಎದುರಾಡಿದೆವಲ್ಲ!

ಸಂಜೆ ಅದೇ ಹಿರಿಯರು ಬಾಗಿಲಿಗೆ ಬಂದು ಕೈಸನ್ನೆ ಮಾಡಿದರು. ರಾತ್ರಿ ಕೊಳಕ್ಕೆ ನೀರು ಕೊಡುವ ಕೆಲಸವಿದೆ, ಕೈ ಬೇಕು. ಸೊನ್ನೆಯಿಂದ 15 ಡಿಗ್ರಿ ಕೆಳಗಿನ ಚಳಿ. ಇದ್ದ ಬಟ್ಟೆಗಳನ್ನೆಲ್ಲ ಮೈಗೇರಿಸಿಕೊಂಡು ಹೊರಟೆವು. ಮೊದಲು ಪೊರಕೆ ಹಿಡಿದು ಧೂಳು, ಹಿಮದ ಪುಡಿ, ಒಣಗಿದೆಲೆಗಳನ್ನೆಲ್ಲ ಗುಡಿಸಬೇಕು. ಎಲೆಯೊಂದು ಉಳಿದರೂ ನಾಳೆಯ ಬಿಸಿಲನ್ನು ಹೀರಿ ಅಲ್ಲಿಯೇ ಗುಳಿ ಮಾಡುವುದು. ಬಳಿಕ ತೊರೆಯಿಂದ ಕೊಳವೆಯಲ್ಲಿ ನೀರನ್ನು ತಂದು ತೆಳ್ಳಗೆ ಹರಿಸಬೇಕು. ಬೇಗ ಮುಗಿಯಲೆಂದು ಒಮ್ಮೆಗೇ ಹೆಚ್ಚು ನೀರನ್ನು ಬಿಟ್ಟರೆ ಮೇಲ್ಪೊರೆ ಮಾತ್ರ ಹೆಪ್ಪುಗಟ್ಟಿ ಒಳಗೆ ನೀರು ಉಳಿದು ಪೊಳ್ಳಾಗುವುದು. ಆದಕಾರಣ ದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ಎಳೆಯುವಂತೆ ತೆಳುವಾದ ಒಂದು ಪದರ, ಅದು ಕಲ್ಲಾದ ಮೇಲೆ ಇನ್ನೊಂದು. ಈ ಹೋಲಿಕೆಯೂ ನಮ್ಮ ಮನೆಯವರದೇ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಬೆಂಕಿಯ ಸುತ್ತ ಕುಳಿತು ಹುಡುಗಿಯರು ಕೋಡುಬಳೆಯನ್ನು ಕಟಕಟನೆ ಕಡಿದರು. ನಕ್ಷತ್ರಗಳು ಕೈಗೆ ಎಟಕುವಂತಿದ್ದುವು. ಕೊಳ ಆಗಾಗ್ಗೆ ಒಳಗಿನಿಂದ ‘ಗುಂ’ ಎಂದು ನರಳುವುದು. ಬಿರಿಯಿತೆಂದು ನಾವು ಬೆದರಿದರೆ, ಗಡ್ಡೆ ಬಲಿಯುವ ಸದ್ದು ಅದೆಂದು ಹಿರಿಯರು ನಕ್ಕರು. ಮೂರನೆಯ ಪದರವನ್ನು ಎಳೆದಾಗ ನಡುರಾತ್ರಿ ಮೀರಿತ್ತು.

ಬೆಳಗಾದಾಗ ಕೊಳ ಕಪ್ಪುಕಲ್ಲಿನ ಹೊಳಪಿನಿಂದ ಮಿರುಗುತ್ತಿತ್ತು. ಬೇಲೂರಿನ ನವರಂಗದ ಕಂಬಗಳನ್ನು ಕಂಡವರಿಗೆ ಆ ಹೊಳಪು ಗೊತ್ತು. ಹಿರಿಯರು ಕೋಲೂರಿ ಸುತ್ತಿದರು. ಸುತ್ತಲೂ ಟಣ್ ಎಂಬ ಸದ್ದೇ. ಸೂರ್ಯ ಬೆಟ್ಟದ ಮೇಲೆ ಬರುವ ಮುಂಚೆಯೇ ಆಟ ಮೊದಲಾಯಿತು.

ಮಗಳಿಗೆ ಗೋಲಿನ ಹತ್ತಿರದ ಜಾಗವನ್ನು ಕೊಟ್ಟರು. ಓಡುವ ಶ್ರಮ ಕಡಿಮೆಯೆಂದು. ಬಿಲ್ಲೆ ಬಂದಾಗಲೆಲ್ಲ ಅವಳ ಕೋಲು ಸರಿಯಾದ ಕಡೆಗೆ ಹೋಗುವುದು, ಕಾಲು ಬೇರೊಂದು ಕಡೆಗೆ. ಹೀಗೆ ಒಂದು ಗಂಟೆ ಕಳೆಯಿತು. ಕೊನೆಗೆ ಹಸುರು ಟೋಪಿಯ ಪುಟ್ಟ ಹುಡುಗಿಯೊಬ್ಬಳು ಮೂವರನ್ನು ತಪ್ಪಿಸಿಕೊಂಡು ಬಂದು ಬಿಲ್ಲೆಯನ್ನು ನಮ್ಮ ಮಗಳ ಕಡೆಗೆ ತಳ್ಳಿದಳು. ಇವಳು ಹೊಡೆಯಲು ಬಾಗಿ, ಜಾರಿ, ಮೊಗ್ಗಲಾಗಿ ಬಿದ್ದು, ಬಿದ್ದಲ್ಲಿಂದಲೇ ಕೋಲನ್ನು ಬೀಸಿದಳು. ಬಿಲ್ಲೆ ಎರಡು ಬೂಟುಗಳ ನಡುವೆ ಹೋಯಿತು. ಹಿಂದೆಯೇ ನಮ್ಮ ಮಗಳೂ ಹೋದಳು. ಒಂದು ಬೂಟೂ ಹೋಯಿತು. ಬೂಟು ಮೊದಲು ಹೋಯಿತೋ ಬಿಲ್ಲೆ ಮೊದಲು ಹೋಯಿತೋ ಎಂದು ಜಗಳ ಎದ್ದಿತು. ಎಲ್ಲರೂ ಏರಿಯ ಮೇಲಿದ್ದ ಹಿರಿಯರ ಕಡೆಗೆ ತಿರುಗಿದರು. ಅವರು ಬಹಳ ಹೊತ್ತು ಯೋಚಿಸಿ, ಗೋಲೆಂದು ಒಂದು ಬೆರಳನ್ನು ಎತ್ತಿದರು. ಹಿಂದಿನ ದಿನ ಅಷ್ಟು ಬಿಗಿಯಾಗಿದ್ದ ನ್ಯಾಯ ಈ ದಿನ ಅತಿಥಿಗಳ ಕಡೆಗೆ ಕೊಂಚ ಬಾಗಿತೆಂದು ನಮ್ಮ ಅನುಮಾನ. ಹತ್ತು ಗಂಟೆಗೆ ಉತ್ತರದ ಏರಿಗೆ ಬಿಸಿಲು ತಾಗಿತು; ಅವರು ಎದ್ದು ಕೋಲನ್ನು ಕೈಗೆ ತೆಗೆದುಕೊಂಡರು. ಈ ಸಲ ನಾವಾರೂ ಮಾತನಾಡಲಿಲ್ಲ.

ಊರಿಗೆ ಹಿಂತಿರುಗಿದ ವಾರದಲ್ಲಿಯೇ ಹಳ್ಳಿಗೆ ಹೋಗಿ ನಮ್ಮ ತಾಯಿಯವರನ್ನು ಕಂಡೆವು. ದಾರಿಯಲ್ಲಿ ಕೆರೆಯನ್ನೂ ನೋಡಿದೆವು. ತೂಬಿನ ಬಾಯಿ ಹೂಳಿನಲ್ಲಿ ಅಡಗಿದೆ, ಅಂತರಗಂಗೆ ನೀರಿನ ಮೇಲೆ ಹಸುರು ಚಾಪೆಯನ್ನು ಹಾಸಿದೆ, ಕೋಡಿಯ ಕಡೆ ಯಾರೋ ಆಲೂಗೆಡ್ಡೆಗೆ ಪಾತಿ ಮಾಡಿದ್ದಾರೆ. ತಾತನವರ ತರುವಾಯ ಆ ಕೆಲಸಕ್ಕೆ ಯಾರೂ ನಿಲ್ಲಲಿಲ್ಲ. ಅವರ ಮೊಮ್ಮಗನಾದ ನಾವು ಹಾಸನದಲ್ಲಿ ಮನೆ ಮಾಡಿದೆವು.

ತಾಯಿಯವರು ಮೊಮ್ಮಗಳ ಮೊಣಕೈಯ ನೀಲಿಗಟ್ಟಿದ ಪೆಟ್ಟಿಗೆ ಹರಳೆಣ್ಣೆಯನ್ನು ಸವರುತ್ತ ಕಥೆಯನ್ನೆಲ್ಲ ಕೇಳಿದರು. ನೀರು ಕಲ್ಲಾಗುವುದು ಅವರಿಗೆ ಅಷ್ಟೇನೂ ಸೋಜಿಗವೆನಿಸಲಿಲ್ಲ. ನೀರಿನ ಒಡೆಯನೆಂಬ ಮಾತು ಬಂದಾಗ ಮಾತ್ರ ಕೈ ನಿಂತಿತು.

“ಅಂಥವರಿಗೆ ಊರವರು ಏನು ಕೊಡುತ್ತಾರಪ್ಪ?”

“ಮನೆಮನೆಯಿಂದ ಕಾಳು ಕೊಡುವ ವಾಡಿಕೆಯಂತೆ, ಅವ್ವ.”

“ನಿಮ್ಮ ತಾತನಿಗೂ ಕಣದಲ್ಲಿ ಕಾಳೇ ಕೊಡುತ್ತಿದ್ದುದು. ಅಲ್ಲಿ ಮನೆಗೆ ಎಷ್ಟು ಸೇರು?”

ಅದನ್ನು ನಾವು ಕೇಳಿರಲಿಲ್ಲ.

“ಅಷ್ಟು ದೂರ ಹೋಗಿ ಅದನ್ನೇ ಕೇಳದೆ ಬಂದಿರಾ?” ಎಂದು ಅವರು ಮತ್ತೆ ಎಣ್ಣೆಯ ಬಟ್ಟಲಿಗೆ ಕೈ ಹಾಕಿದರು.